ಪಾರ್ಕಿಂಗ್ ಗೋಡೆಯ ಪ್ಯಾನೆಲ್ ವೈರಿಂಗ್ ಮರೆಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಥರ್ಟಿ ಫಾರ್ಟಿ ಸೈಟಿನ ಮನೆ. ಕೆಳಗೆ ಪಾರ್ಕಿಂಗ್, ಮೇಲೆ ಓನರ್ ಮನೆ, ಅದರ ಮೇಲೆ ಒಂದೆರಡು ಬಾಡಿಗೆ ಮನೆ. ಗೇಟು ತೆಗೆದರೆ ಎದುರಿಗೇ ಮೀಟರ್ ಬೋರ್ಡ್, ಡಿಬಿ (ಕರೆಂಟನ್ನು ಮನೆಯೊಳಗೆ ಹಂಚುವ ಸ್ವಿಚ್ ಪೆಟ್ಟಿಗೆ), ಸಂಪ್ ಮೋಟರಿನ ಸ್ಟಾರ್ಟರ್, ಅದರ ಸುತ್ತ ಜೋತಾಡುವ ವೈರ್‌ಗಳು. ಮನೆಗೆ ಲಕ್ಷಗಟ್ಟಲೆ ಸುರಿದವರೂ ಈ ಗೋಡೆಯನ್ನು ಹಾಗೇ ಬಿಟ್ಟಿರುತ್ತಾರೆ. ಅದನ್ನು ಸರಿ ಮಾಡಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲ ಉತ್ತರಗಳ ಹಿಂದೆ ಇರುವ ಮಾತು ಒಂದೇ: ವೈರ್ ಕಾಣದಿರಲಿ, ಸ್ವಿಚ್ ಮಾತ್ರ ಕತ್ತಲಲ್ಲೂ ಕೈಗೆ ಸಿಗಲಿ.

ಕೆಲಸ ಎಲ್ಲಿಂದ ಶುರು ಮಾಡಬೇಕು?

ಅಂಗಡಿಯಿಂದ ಅಲ್ಲ, ಗೋಡೆಯಿಂದ. ಪೈಪು, ಬಾಕ್ಸು ತರುವ ಮೊದಲು ಪ್ರತಿಯೊಂದು ವೈರ್ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಪತ್ತೆ ಮಾಡಿ. ಗೋಜಲಿನಲ್ಲಿ ಅರ್ಧ ಭಾಗ ಕರೆಂಟ್ ವೈರೇ ಆಗಿರುವುದಿಲ್ಲ. ಹಳೇ ಕೇಬಲ್ ಟಿವಿ ವೈರ್, ಬಿಟ್ಟುಹೋದ ಲ್ಯಾಂಡ್‌ಲೈನ್, ಮೂರು ಕಂಪನಿಯ ಬ್ರಾಡ್‌ಬ್ಯಾಂಡ್, ಕೆಟ್ಟು ನಿಂತ ಸಿಸಿಟಿವಿಯ ಕೇಬಲ್, ಯಾವಾಗಲೋ ತೆಗೆದ ಕಾಲಿಂಗ್ ಬೆಲ್ ವೈರ್. ಇವುಗಳಲ್ಲಿ ಬಳಕೆಯಲ್ಲಿ ಇಲ್ಲದ್ದನ್ನೆಲ್ಲ ತೆಗೆಸಿ. ಎಷ್ಟೋ ಮನೆಗಳಲ್ಲಿ ಇಷ್ಟು ಮಾಡಿದರೇ ಗೋಡೆ ಗುರುತು ಸಿಗದಷ್ಟು ಬದಲಾಗುತ್ತದೆ, ಒಂದಡಿ ಪೈಪೂ ಬೇಕಾಗುವುದಿಲ್ಲ.

ಹೀಗೆ ಹುಡುಕುವಾಗ ಇನ್ನೊಂದು ಗುಟ್ಟೂ ರಟ್ಟಾಗುವುದುಂಟು. ಮೆಟ್ಟಿಲ ಲೈಟು ಎರಡನೇ ಮಹಡಿಯ ಬಾಡಿಗೆಯವರ ಮೀಟರಿಗೆ ಸೇರಿರುತ್ತದೆ, ಅಥವಾ ಒಂದು ಮನೆಯ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಇನ್ನೊಂದು ಮನೆಯ ಡಿಬಿಗೆ ಹೋಗಿರುತ್ತದೆ. ಮೊದಲನೆಯದು ಜಗಳಕ್ಕೆ ದಾರಿ. ಎರಡನೆಯದು ಅಪಾಯ: ಒಂದು ಮನೆಯ ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಆಫ್ ಮಾಡಿದ್ದರೂ ಆ ನ್ಯೂಟ್ರಲ್‌ನಲ್ಲಿ ಪಕ್ಕದ ಮನೆಯ ಕರೆಂಟ್ ಹರಿಯುತ್ತಿರಬಹುದು. ಎರಡನ್ನೂ ಮುಚ್ಚುವ ಮೊದಲೇ ಸರಿ ಮಾಡಿಸಿ.

ನಾವೇ ಮಾಡಬಹುದಾದ ಕೆಲಸ ಯಾವುದು?

ಬ್ರಾಡ್‌ಬ್ಯಾಂಡ್, ಸಿಸಿಟಿವಿ ವೈರ್‌ಗಳನ್ನು ಒಪ್ಪವಾಗಿ ಪಟ್ಟಿಯೊಳಗೆ ಕೂರಿಸುವುದು, ಲೇಬಲ್ ಅಂಟಿಸುವುದು, ಬಣ್ಣ ಹೊಡೆಯುವುದು, ಪ್ಲ್ಯಾನ್ ಬರೆಯುವುದು. ಇಷ್ಟನ್ನು ಧಾರಾಳವಾಗಿ ಮಾಡಿ. ಡಿಬಿಯ ಮುಚ್ಚಳ ತೆಗೆಯುವ ಕೆಲಸವಿದ್ದರೆ ಪರ್ಮಿಟ್ ಇರುವ ವೈರ್‌ಮನ್ ಬೇಕು. ಕರ್ನಾಟಕದಲ್ಲಿ ಈ ಪರ್ಮಿಟ್ ಮತ್ತು ಗುತ್ತಿಗೆದಾರರ ಲೈಸೆನ್ಸ್ ಎರಡೂ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ಬರುತ್ತವೆ. ಕೇಳಿದರೆ ತೋರಿಸುತ್ತಾರೆ. ಕೇಳಲು ಸಂಕೋಚ ಬೇಡ.

ಕಂಬದಿಂದ ಬರುವ ಸರ್ವೀಸ್ ವೈರ್, ಮೀಟರ್ ಮತ್ತು ಅದರ ಸೀಲ್ ಮಾತ್ರ ಯಾರೂ ಮುಟ್ಟುವಂತಿಲ್ಲ, ನಿಮ್ಮ ಎಲೆಕ್ಟ್ರಿಷಿಯನ್ ಕೂಡ. ಅದು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಯಾವುದಿದೆಯೋ ಅವರದ್ದು. ಮೀಟರನ್ನು ಒಂದಡಿ ಪಕ್ಕಕ್ಕೆ ಸರಿಸಬೇಕಿದ್ದರೂ ಸಬ್‌ಡಿವಿಷನ್ ಆಫೀಸಿಗೆ ಅರ್ಜಿ ಕೊಡಬೇಕು. ಸೀಲ್ ಕಿತ್ತಿದ್ದರೆ ಅದನ್ನು ವಿದ್ಯುತ್ ಕಳವು ಅಂತಲೇ ಅನುಮಾನಿಸುತ್ತಾರೆ, ಅಂದ ಮಾಡಲು ಹೋಗಿದ್ದೆ ಅಂದರೆ ಯಾರೂ ನಂಬುವುದಿಲ್ಲ.

ಗೋಡೆ ಕೊರೆದು ಒಳಗೆ ಹಾಕಿಸುವುದಾ, ಮೇಲೆ ಪೈಪ್ ಹಾಕಿಸುವುದಾ?

ಮನೆ ಕಟ್ಟುತ್ತಿದ್ದರೆ ಕನ್ಸೀಲ್ಡ್ (ಗೋಡೆಯೊಳಗೆ) ಮಾಡಿಸಿ, ಎರಡು ಮಾತಿಲ್ಲ. ಕಟ್ಟಿ ಮುಗಿದ ಮನೆಯ ಪಾರ್ಕಿಂಗಿಗೆ ನನ್ನ ಓಟು ಮೇಲಿನ ಪೈಪಿಗೇ.

ಯಾಕೆಂದರೆ ಪಾರ್ಕಿಂಗಿನಲ್ಲಿ ವೈರಿಂಗ್ ಬದಲಾಗುತ್ತಲೇ ಇರುತ್ತದೆ. ಇವತ್ತು ಸಿಸಿಟಿವಿ, ನಾಳೆ ಸ್ಕೂಟರ್ ಚಾರ್ಜಿಂಗ್, ಆಮೇಲೆ ಸೋಲಾರ್, ಗೇಟಿನ ಮೋಟರ್. ಪ್ರತಿ ಸಲ ಗೋಡೆ ಒಡೆದು ಪ್ಲಾಸ್ಟರ್ ಮಾಡಿಸಿ ಬಣ್ಣ ಹೊಂದಿಸಲು ಆಗುವುದಿಲ್ಲ. ಮೇಲಿನ ಪೈಪ್ ಕೆಟ್ಟದಾಗಿ ಕಾಣುತ್ತದೆ ಅನ್ನುವುದು ಓರೆಕೋರೆ ಪೈಪ್ ನೋಡಿದವರ ಮಾತು. ತೂಗುಗುಂಡು ಹಿಡಿದು ನೇರ ಗೆರೆ ಹಾಕಿ, ಪೈಪ್‌ಗಳನ್ನು ಒಂದಕ್ಕೊಂದು ಸಮಾನಾಂತರವಾಗಿ, ಒಂದೇ ಅಂತರದಲ್ಲಿ ಕ್ಲ್ಯಾಂಪ್ ಹೊಡೆದು, ಗೋಡೆಯದೇ ಬಣ್ಣ ಬಳಿದರೆ ಎರಡು ದಿನ ಕಳೆದ ಮೇಲೆ ನಿಮ್ಮ ಕಣ್ಣಿಗೇ ಅದು ಬೀಳುವುದಿಲ್ಲ. ಪೈಪನ್ನು ಗೋಡೆಯ ಮಧ್ಯದಲ್ಲಿ ಓಡಿಸಬೇಡಿ. ಬೀಮಿನ ಕೆಳಅಂಚು, ಗೋಡೆಯ ಮೂಲೆ, ಪಿಲ್ಲರಿನ ಪಕ್ಕ, ಹೀಗೆ ಈಗಾಗಲೇ ಒಂದು ಗೆರೆ ಇರುವ ಕಡೆ ಓಡಿಸಿ. ನೋಟ ಅಲ್ಲೇ ಅರ್ಧ ಗೆದ್ದಂತೆ.

ಕೊರೆಯಲೇಬೇಕು ಅಂದರೆ ಮೂರು ಸಂಗತಿ ನೆನಪಿರಲಿ. ವೈರ್ ನೇರ ಮೇಲಕ್ಕೆ ಇಲ್ಲವೇ ನೇರ ಅಡ್ಡಕ್ಕೆ ಹೋಗಲಿ, ಕರ್ಣದಂತೆ ಓರೆಯಾಗಿ ಬೇಡ. ಓರೆಯಾಗಿ ಹೋಗಿದ್ದರೆ ನಾಳೆ ಹೆಲ್ಮೆಟ್ ಹಾಕಲು ಮೊಳೆ ಹೊಡೆಯುವವರಿಗೆ ಒಳಗೆ ವೈರ್ ಇದೆ ಅಂತ ಊಹಿಸಲೂ ಆಗುವುದಿಲ್ಲ. ಪೈಪ್ ಕೂರಿಸಿದ ಮೇಲೆ ಚಿಕನ್ ಮೆಶ್ ಬಡಿದು ಪ್ಲಾಸ್ಟರ್ ಮಾಡಿಸಿ, ಇಲ್ಲದಿದ್ದರೆ ಅದೇ ಗೆರೆಯಲ್ಲಿ ಬಿರುಕು ಬರುತ್ತದೆ. ನಾಲ್ಕಿಂಚಿನ ಗೋಡೆಯಲ್ಲಿ ಡಿಬಿ ಬಾಕ್ಸ್ ಹುದುಗಿಸಲು ಹೋಗಬೇಡಿ, ಹಿಂಬದಿಯಲ್ಲಿ ಬರೀ ಗಾರೆ ಉಳಿಯುತ್ತದೆ.

ಪಿಲ್ಲರಿನಲ್ಲಿ ಸ್ವಲ್ಪ ಕೊರೆದರೆ ಏನಾಗುತ್ತೆ?

ಬೇಡ. ಪಾರ್ಕಿಂಗ್ ಇರುವ ಮನೆ ನಿಂತಿರುವುದೇ ಆ ಪಿಲ್ಲರ್‌ಗಳ ಮೇಲೆ. ಪೈಪ್ ಇಳಿಸುವಷ್ಟು ಆಳ ಕೊರೆದರೆ ಕಂಬಿ ಹೊರಗೆ ಕಾಣುತ್ತದೆ. ಆಮೇಲೆ ತೇವ, ತುಕ್ಕು, ಕಾಂಕ್ರೀಟ್ ಸಿಡಿಯುವುದು, ಎಲ್ಲ ಸಾಲಾಗಿ ಬರುತ್ತವೆ. ಬೀಮಿಗೂ ಇದೇ ಮಾತು. ಕ್ಲ್ಯಾಂಪ್ ಹಾಕುವ ಸಣ್ಣ ತೂತಿಗೆ ತೊಂದರೆ ಇಲ್ಲ.

ಯಾವ ಪೈಪ್ ತರಬೇಕು?

ಪಿವಿಸಿ ಕಂಡ್ಯೂಟ್ (ವೈರ್ ಹಾಕುವ ಪೈಪ್) ಲೈಟ್, ಮೀಡಿಯಂ, ಹೆವಿ ಅಂತ ಮೂರು ದರ್ಜೆಯಲ್ಲಿ ಬರುತ್ತದೆ. ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು, ಸೈಕಲ್ ಹ್ಯಾಂಡಲ್, ಗ್ಯಾಸ್ ಸಿಲಿಂಡರ್ ಎಲ್ಲ ತಾಗುತ್ತವೆ. ಹಾಗಾಗಿ ಎದೆಯೆತ್ತರದವರೆಗೆ ಹೆವಿ, ಅದರ ಮೇಲೆ ಮೀಡಿಯಂ ಸಾಕು. ಪೈಪಿನ ಮೇಲೆ ಐಎಸ್ 9537, ವೈರಿನ ಮೇಲೆ ಐಎಸ್ 694 ಮುದ್ರೆ ನೋಡಿ ತನ್ನಿ. ವೈರಿನಲ್ಲಿ ಬೆಂಕಿ ಬಿದ್ದರೂ ಹೊಗೆ ಕಡಿಮೆ ಬರುವ ಎಫ್‌ಆರ್‌ಎಲ್‌ಎಸ್ ಬಗೆ ಸಿಗುತ್ತದೆ. ಪಾರ್ಕಿಂಗಿನ ಹೊಗೆ ಮೆಟ್ಟಿಲಿನ ಮೂಲಕ ನೇರ ಮೇಲಿನ ಮನೆಗಳಿಗೇ ಹೋಗುವುದರಿಂದ ಈ ಕಡೆ ದುಡ್ಡು ಉಳಿಸಬೇಡಿ.

ಏಳೆಂಟು ವೈರ್ ಒಟ್ಟಿಗೆ ಇಳಿಯುವ ಕಡೆ, ಉದಾಹರಣೆಗೆ ಮೀಟರಿಂದ ಡಿಬಿಗೆ, ಪೈಪ್‌ಗಳ ಸಾಲಿಗಿಂತ ಮುಚ್ಚಳ ತೆಗೆಯಲು ಬರುವ ಅಗಲದ ಟ್ರಂಕಿಂಗ್ (ಉದ್ದನೆ ಪೆಟ್ಟಿಗೆಯಂಥ ಕೊಳವೆ) ಚೆನ್ನ. ಹಳೇ ಮನೆಗಳ ಮರದ ಪಟ್ಟಿ ಇನ್ನೂ ಇದ್ದರೆ ಅದನ್ನು ಕೀಳಿಸಿಬಿಡಿ, ಗೆದ್ದಲಿಗೆ ಅದು ಹಬ್ಬದೂಟ.

ಒಂದು ಪೈಪಿನಲ್ಲಿ ಎಷ್ಟು ವೈರ್ ತುರುಕಬಹುದು?

ಪೈಪಿನ ಒಳಜಾಗದ ಶೇ. 40ಕ್ಕಿಂತ ಜಾಸ್ತಿ ತುಂಬಬಾರದು ಅನ್ನುವುದು ಎಲ್ಲರೂ ಪಾಲಿಸುವ ಲೆಕ್ಕ. ಬಿಗಿಯಾಗಿ ತುಂಬಿದರೆ ಎಳೆಯುವಾಗ ಇನ್ಸುಲೇಷನ್ ಸುಲಿಯುತ್ತದೆ, ಬಿಸಿಯೂ ಹೊರಗೆ ಹೋಗುವುದಿಲ್ಲ. ಸಿಸಿಟಿವಿ, ಇಂಟರ್‌ನೆಟ್ ವೈರ್‌ಗಳನ್ನು ಕರೆಂಟ್ ಪೈಪಿನೊಳಗೆ ಹಾಕಬೇಡಿ, ಅವಕ್ಕೆ ಬೇರೆ ಪೈಪೇ ಇರಲಿ. ಎರಡು ಖಾಲಿ ಪೈಪ್‌ಗಳನ್ನು ಮುಂದೆ ವೈರ್ ಎಳೆಯಲು ಒಳಗೊಂದು ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ ಬಿಟ್ಟು ಈಗಲೇ ಹಾಕಿಸಿಡಿ. ಖರ್ಚು ಏನೂ ಅಲ್ಲ, ಮುಂದೆ ತಪ್ಪುವ ತಲೆನೋವು ಬಹಳ.

ಇಡೀ ಪ್ಯಾನೆಲ್‌ಗೆ ಒಂದು ಕಬೋರ್ಡ್ ಮಾಡಿಸಿಬಿಡೋಣ ಅಂತಿದ್ದೇವೆ. ಸರೀನಾ?

ಮಾಡಿಸಬಹುದು, ಷರತ್ತುಗಳಿವೆ.

ಪ್ಲೈವುಡ್ ಬೇಡ. ಡಿಬಿಯಲ್ಲಿ ಬೆಂಕಿ ಹುಟ್ಟುವುದು ಹೆಚ್ಚಾಗಿ ಸಡಿಲವಾದ ಸ್ಕ್ರೂ ಬಿಸಿಯಾಗಿ. ಅದರ ಸುತ್ತ ಮರ, ಲ್ಯಾಮಿನೇಟ್, ಫೆವಿಕಾಲ್ ಇಟ್ಟರೆ ಬೆಂಕಿಗೆ ನಾವೇ ಸೌದೆ ಒಟ್ಟಿದ ಹಾಗೆ. ಎಸಿಪಿ (ಅಲ್ಯುಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಶೀಟು ಲೋಹದಂತೆ ಕಂಡರೂ ಮಾಮೂಲಿ ಶೀಟಿನ ನಡುವೆ ಇರುವುದು ಪ್ಲಾಸ್ಟಿಕ್. ಪೌಡರ್ ಕೋಟಿಂಗ್ ಮಾಡಿದ ಜಿಐ ಶೀಟು ಅಥವಾ ಅಲ್ಯುಮಿನಿಯಂ ಬಾಗಿಲು, ಇಲ್ಲವೇ ಫೈಬರ್ ಸಿಮೆಂಟ್ ಬೋರ್ಡ್ ಒಳ್ಳೆಯದು. ಲೋಹದ ಬಾಗಿಲಾದರೆ ಚೌಕಟ್ಟಿಗೂ ಬಾಗಿಲಿಗೂ ಅರ್ಥ್ ವೈರ್ ಕೊಡಲೇಬೇಕು. ಕೀಲಿನ ಮೂಲಕ ಅರ್ಥ್ ಸಿಗುತ್ತದೆ ಅಂತ ನಂಬಬೇಡಿ, ಬಣ್ಣ ಅದನ್ನು ತಡೆಯುತ್ತದೆ. ಮಡಚುವ ಕಡೆ ಒಂದು ಹಸಿರು ಫ್ಲೆಕ್ಸಿಬಲ್ ವೈರ್ ಬೇಕು.

ಬಾಗಿಲಿಗೆ ಕೆಳಗೂ ಮೇಲೂ ಲೂವರ್ (ಪಟ್ಟಿಪಟ್ಟಿಯ ಕಿಂಡಿ) ಇರಲಿ, ಗಾಳಿ ಆಡಲಿ. ಬೀಗ ಬೇಡ, ಮ್ಯಾಗ್ನೆಟ್ ಸಾಕು. ಶಾಕ್ ಹೊಡೆದಾಗ ಬೀಗದ ಕೈ ಹುಡುಕುವ ಪರಿಸ್ಥಿತಿ ಯಾರಿಗೂ ಬರಬಾರದು. ಚಿಕ್ಕ ಮಕ್ಕಳಿದ್ದರೆ ಹಿಡಿಯನ್ನು ಎತ್ತರದಲ್ಲಿ ಇಡಿಸಿ. ಮೀಟರಿನ ಮುಂದೆ ಪಾರದರ್ಶಕ ಕಿಂಡಿ ಬಿಡಿ, ರೀಡಿಂಗಿಗೆ ಬರುವವರು ಪ್ರತಿ ತಿಂಗಳೂ ಬೆಲ್ ಒತ್ತಿ ಕಾಯಬೇಕಾಗಿಲ್ಲ.

ಕಬೋರ್ಡ್ ಆಯಿತು ಅಂದಕೂಡಲೇ ಅದರೊಳಗೆ ಹಳೇ ಪೇಪರ್, ಪೇಂಟ್ ಡಬ್ಬಿ, ಕಾರ್ ಒರೆಸುವ ಬಟ್ಟೆ ಸೇರಿಕೊಳ್ಳುತ್ತವೆ. ಅದಕ್ಕೇ ಆಳ ಕಡಿಮೆ ಮಾಡಿಸಿ. ಡಿಬಿಯ ಮುಂದೆ ಎರಡಿಂಚು ಉಳಿದರೆ ಸಾಕು, ಏನನ್ನೂ ಇಡಲು ಆಗಬಾರದು.

ಕಬೋರ್ಡ್ ಮುಂದೆ ಸ್ಕೂಟರ್ ನಿಲ್ಲಿಸಬಹುದಾ?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಸ್ವಿಚ್‌ಬೋರ್ಡಿನ ಮುಂದೆ ಕನಿಷ್ಠ 1 ಮೀಟರ್ ಜಾಗ ಖಾಲಿ ಇರಬೇಕು. ನಮ್ಮ ಪಾರ್ಕಿಂಗ್‌ಗಳಲ್ಲಿ ಒಂದು ಮೀಟರ್ ಸಿಕ್ಕರೆ ಅಲ್ಲಿ ಆಕ್ಟಿವಾ ನಿಂತಿರುತ್ತದೆ, ಗೊತ್ತಿರುವ ವಿಷಯವೇ. ನೆಲದ ಮೇಲೆ ಹಳದಿ ಪಟ್ಟೆ ಬಳಿದು ನೋಡಿ, ಆಶ್ಚರ್ಯವಾಗುವಷ್ಟು ಕೆಲಸ ಮಾಡುತ್ತದೆ.

ಡಿಬಿ ಮೇಲೆ ಕ್ಯಾಲೆಂಡರ್ ಅಥವಾ ದೊಡ್ಡ ಫೋಟೋ ತೂಗುಹಾಕಿದರೆ?

ನೂರಾರು ಮನೆಗಳಲ್ಲಿ ಮಾಡಿರುವುದೇ ಇದು. ಆದರೆ ಅಲ್ಲಿರುವುದು ಕಾಗದ. ತಗಡಿನ ಹಗುರ ಚೌಕಟ್ಟಿನದ್ದಾದರೆ ಪರವಾಗಿಲ್ಲ, ಕಾಗದ, ಬಟ್ಟೆ, ಪ್ಲಾಸ್ಟಿಕ್ ಹೂವಿನ ತೋರಣ ಬೇಡ.

ಡಿಬಿ ಒಳಗೇ ವೈರ್ ಗೋಜಲಾಗಿದೆ. ಮುಚ್ಚಳ ಹಾಕಿದರೆ ಕಾಣಲ್ಲವಲ್ಲ, ಬಿಡಬಹುದಾ?

ಬಿಡಬೇಡಿ, ಮೊದಲು ಸರಿ ಮಾಡಬೇಕಾದದ್ದೇ ಅದು. ಮುಚ್ಚಳ ತೆಗೆಸಿದಾಗ ಇವನ್ನು ನೋಡಿ: ವೈರಿನ ತುದಿಯ ಬಳಿ ಕಂದು ಬಣ್ಣಕ್ಕೆ ತಿರುಗಿದ ಇನ್ಸುಲೇಷನ್, ಕರಗಿದಂತೆ ಕಾಣುವ ಎಂಸಿಬಿ ಅಂಚು, ಟೇಪ್ ಸುತ್ತಿದ ಜಾಯಿಂಟ್, ಒಂದೇ ಸ್ಕ್ರೂ ಕೆಳಗೆ ಮೂರು ವೈರ್. ಮೀನು ಸುಟ್ಟಂಥ ವಾಸನೆ ಬರುತ್ತಿದ್ದರೆ ಎಲ್ಲೋ ಪ್ಲಾಸ್ಟಿಕ್ ಬೇಯುತ್ತಿದೆ ಅಂತ ಅರ್ಥ, ಅವತ್ತೇ ಕರೆಸಿ.

ಒಳ್ಳೆ ವೈರ್‌ಮನ್ ಏನು ಮಾಡುತ್ತಾರೆ ಅಂದರೆ, ಪ್ರತಿ ವೈರನ್ನು ಬಾಕ್ಸಿನ ಅಂಚಿನಲ್ಲಿ ಓಡಿಸಿ ಎಂಸಿಬಿಯ ಎದುರಿಗೆ ಬಂದಾಗ ಲಂಬವಾಗಿ ತಿರುಗಿಸುತ್ತಾರೆ. ತುದಿಗೆ ಲಗ್ (ಲೋಹದ ಟೊಪ್ಪಿ) ಒತ್ತುತ್ತಾರೆ. ಮುಂದೆ ಒಮ್ಮೆ ಕತ್ತರಿಸಿ ಮತ್ತೆ ಸೇರಿಸಲು ಆಗುವಷ್ಟು ಉದ್ದ ಬಿಡುತ್ತಾರೆ, ಸುರುಳಿ ಸುತ್ತಿ ತುರುಕುವುದಿಲ್ಲ. ಕೆಂಪು, ಹಳದಿ, ನೀಲಿ ಫೇಸ್‌ಗಳು (ಕರೆಂಟ್ ಬರುವ ವೈರ್), ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಹಸಿರನ್ನು ಫೇಸ್‌ಗೆ ಬಳಸಿದ್ದು ಕಂಡರೆ ಉಳಿದ ಕೆಲಸವನ್ನೂ ಅನುಮಾನದಿಂದಲೇ ನೋಡಿ.

ಹೊರಗಿಂದ ಬರುವ ದಪ್ಪ ಕೇಬಲ್ ಎಷ್ಟೋ ಕಡೆ ಅಲ್ಯುಮಿನಿಯಂ, ಮನೆಯೊಳಗಿನದು ತಾಮ್ರ. ಇವೆರಡನ್ನು ನೇರ ತಿರುಚಿ ಸೇರಿಸಿದರೆ ಆ ಜಾಗ ವರ್ಷ ಕಳೆದಂತೆ ಕೊಳೆತು ಬಿಸಿಯಾಗುತ್ತದೆ. ಅದಕ್ಕೆಂದೇ ಇರುವ ಬೈಮೆಟಲ್ ಲಗ್ ಬೇಕು.

ಇನ್ನು ಎಂಸಿಬಿ ವೈರಿಗೆ ತಕ್ಕಂತಿರಬೇಕು. 2.5 ಚದರ ಮಿ.ಮೀ. ವೈರಿಗೆ 32 ಆಂಪಿನ ಎಂಸಿಬಿ ಹಾಕಿದ್ದರೆ ವೈರೇ ಮೊದಲು ಸುಡುತ್ತದೆ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ದೊಡ್ಡದು ಹಾಕಿಸಿಕೊಂಡವರು ಇದನ್ನು ಇನ್ನೊಮ್ಮೆ ಓದಿ.

ಮಳೆಗಾಲ ಬಂದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕತ್ತರಿಸುವ ಸ್ವಿಚ್) ಬೀಳುತ್ತದೆ. ಕಬೋರ್ಡ್ ಮಾಡಿಸಿದರೆ ನಿಲ್ಲುತ್ತಾ?

ನಿಲ್ಲುವುದಿಲ್ಲ. ಡಿಬಿ ಬಾಕ್ಸಿನ ತಳದಲ್ಲಿ ತುಕ್ಕಿನ ಕಲೆ ಅಥವಾ ಒಣಗಿದ ಸುಣ್ಣದ ಗೆರೆ ಇದೆಯಾ ನೋಡಿಸಿ. ಇದ್ದರೆ ನೀರು ಎದುರಿನಿಂದ ಬಂದಿಲ್ಲ, ಪೈಪಿನೊಳಗಿಂದ ಇಳಿದಿದೆ. ತಾರಸಿಯ ಮೇಲೆ ಟ್ಯಾಂಕಿನ ಬಳಿ ಬಾಯಿ ತೆರೆದು ನಿಂತ ಕಂಡ್ಯೂಟ್ ಇರುತ್ತದೆ. ಮಳೆ ನೀರು ಅದರೊಳಗೆ ಬಿದ್ದು, ಮೂರು ಮಹಡಿ ಇಳಿದು, ನೇರ ಡಿಬಿಯ ನೆತ್ತಿಗೆ ಬರುತ್ತದೆ. ತಾರಸಿಯಲ್ಲಿ ಪೈಪಿನ ಬಾಯಿ ಕೆಳಮುಖವಾಗುವಂತೆ ಬೆಂಡ್ ಹಾಕಿಸಿ, ಸೀಲ್ ಮಾಡಿಸಿ. ಪಾರ್ಕಿಂಗಿನಲ್ಲಿ ಹೊಸದಾಗಿ ಹಾಕಿಸುವ ಪೈಪ್‌ಗಳು ಆದಷ್ಟೂ ಡಿಬಿಯ ಕೆಳಗಿನಿಂದ ಒಳಹೋಗಲಿ. ಮೇಲಿಂದಲೇ ಬರಬೇಕಾದರೆ ಗ್ಲ್ಯಾಂಡ್ (ಸಂದಿಯಿಂದ ನೀರು ಇಳಿಯದಂತೆ ಬಿಗಿಯುವ ಜೋಡಣೆ) ಹಾಕಿಸಿ.

ಅದು ಸರಿಯಿದ್ದೂ ಬೀಳುತ್ತಿದ್ದರೆ ಗೇಟ್ ಲೈಟಿನ ಜಾಯಿಂಟ್, ಸಂಪ್ ಮೋಟರಿನ ಕೇಬಲ್ ಮೇಲೆ ಕಣ್ಣಿಡಿ. ಬೀಳುತ್ತದೆ ಅಂತ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. 30 ಮಿಲಿಆಂಪ್ ಸೋರಿದರೆ ಕತ್ತರಿಸುವ ಆ ಪೆಟ್ಟಿಗೆ ಇರುವುದು ಮನುಷ್ಯರ ಜೀವ ಉಳಿಸಲು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಕಾರು ತೊಳೆಯುವ ಜಾಗ ಅದು, ಅಲ್ವಾ?

ನಮ್ಮ ಪಾರ್ಕಿಂಗ್ ರಸ್ತೆಗಿಂತ ತಗ್ಗಿನಲ್ಲಿದೆ. ಏನು ಮಾಡುವುದು?

ಅಂದಕ್ಕಿಂತ ಎತ್ತರ ಮುಖ್ಯ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕಾರುಗಳು ಮುಳುಗುವಷ್ಟು ನೀರು ನಿಂತಿದ್ದನ್ನು ನೋಡಿದ್ದೇವೆ. ಹಿಂದಿನ ಮಳೆಗೆ ನೀರು ಬಂದ ಗುರುತು ಗೋಡೆಯಲ್ಲಿ ಎಲ್ಲಿದೆಯೋ ಅದಕ್ಕಿಂತ ಸಾಕಷ್ಟು ಮೇಲೆ ಎಲ್ಲ ಬಾಕ್ಸ್, ಸಾಕೆಟ್, ಜಾಯಿಂಟ್ ಇರಲಿ. ಪೈಪ್‌ಗಳು ಸೀಲಿಂಗಿನಿಂದ ಇಳಿಯಲಿ, ನೆಲದಿಂದ ಏಳಬಾರದು. ಮಳೆನೀರು ನಿಂತಿರುವಾಗ ಮೇನ್ ಆಫ್ ಮಾಡಲು ನೀರಿಗಿಳಿಯಬೇಡಿ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್ ಕಟ್ ಮಾಡಿಸಿ.

ಹಲ್ಲಿ, ಇರುವೆ, ಇಲಿ ಕಾಟ?

ಬಳಸದ ನಾಕ್‌ಔಟ್ (ಪೈಪ್ ಸೇರಿಸಲು ಬಾಕ್ಸಿನಲ್ಲಿ ಬಿಟ್ಟ) ತೂತುಗಳನ್ನೆಲ್ಲ ಪ್ಲಗ್ ಹಾಕಿ ಮುಚ್ಚಿಸಿ. ಹಲ್ಲಿ ಒಳಗೆ ಬರುವುದು ಅಲ್ಲಿಂದಲೇ, ಬಂದರೆ ಬಸ್‌ಬಾರಿಗೆ (ಕರೆಂಟ್ ಹರಿಯುವ ಲೋಹದ ಪಟ್ಟಿಗೆ) ತಾಗಿ ಸುಟ್ಟು ಶಾರ್ಟ್ ಮಾಡುತ್ತದೆ. ಲೂವರಿನ ಒಳಮೈಗೆ ಸೊಳ್ಳೆ ಪರದೆಯಂಥ ಸ್ಟೀಲ್ ಜಾಲರಿ ಹಾಕಿಸಿ, ಕಣಜದ ಮಣ್ಣಿನ ಗೂಡೂ ತಪ್ಪುತ್ತದೆ. ಪೈಪಿನ ಬಾಯಿಗೆ ಫೋಮ್ ತುಂಬುವುದಾದರೆ ಬೆಂಕಿ ತಡೆಯುವ ಬಗೆಯದ್ದೇ ಆಗಲಿ.

ಇನ್ವರ್ಟರ್ ಬ್ಯಾಟರಿಯನ್ನೂ ಅದೇ ಕಬೋರ್ಡಿನಲ್ಲಿ ಇಡಬಹುದಾ?

ಟ್ಯೂಬುಲರ್ (ನೀರು ತುಂಬುವ ಲೆಡ್ ಆಸಿಡ್) ಬ್ಯಾಟರಿ ಆದರೆ ಖಂಡಿತ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಸ್ವಿಚ್ಚಿನ ಒಂದು ಕಿಡಿ ಸಾಕು. ಗಾಳಿಯಾಡುವ ಬೇರೆ ಮೂಲೆಯಲ್ಲಿ ಟ್ರಾಲಿ ಮೇಲೆ ಇಡಿ.

ಇವಿ ಚಾರ್ಜರ್ ಹಾಕಿಸುವ ಯೋಚನೆ ಇದೆ. ಈಗಲೇ ಏನು ಮಾಡಿಟ್ಟುಕೊಳ್ಳಬೇಕು?

ಕಾರಿನ ಜೊತೆ ಬರುವ 3.3 ಕಿಲೋವ್ಯಾಟ್ ಚಾರ್ಜರ್ 16 ಆಂಪಿನ ಸಾಕೆಟ್‌ನಲ್ಲಿ ನಡೆಯುತ್ತದೆ. ಗೋಡೆಗೆ ಹಾಕುವ 7.4 ಕಿಲೋವ್ಯಾಟಿನದು ಸಿಂಗಲ್ ಫೇಸ್‌ನಲ್ಲಿ 32 ಆಂಪ್ ಎಳೆಯುತ್ತದೆ. ಅದೂ ಅರ್ಧ ಗಂಟೆಯ ಗೀಸರಿನಂತಲ್ಲ, ರಾತ್ರಿಯೆಲ್ಲ ಒಂದೇ ಸಮನೆ. ಆದ್ದರಿಂದ ಡಿಬಿಯಿಂದ ನೇರವಾಗಿ 6 ಚದರ ಮಿ.ಮೀ. ತಾಮ್ರದ ವೈರ್, ಅದಕ್ಕೆ ಪ್ರತ್ಯೇಕ ಪೈಪ್, ಪ್ರತ್ಯೇಕ ಎಂಸಿಬಿ ಮತ್ತು ಆರ್‌ಸಿಸಿಬಿ. ಯಾವ ಬಗೆಯ ಆರ್‌ಸಿಸಿಬಿ ಅಂತ ಚಾರ್ಜರಿನ ಮ್ಯಾನ್ಯುಯಲ್ ನೋಡಿ ಹಾಕಿಸಿ. ಕಾರುಗಳಿಂದ ಸೋರುವ ಡಿಸಿ ಕರೆಂಟನ್ನು ಸಾಮಾನ್ಯ ಎಸಿ ಬಗೆಯದು ಹಿಡಿಯುವುದಿಲ್ಲ. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಮೊದಲು ಅದನ್ನು ಹೆಚ್ಚಿಸಿಕೊಳ್ಳಬೇಕು.

ಸ್ಕೂಟರಿಗೆ ಮೇಲಿನ ಮನೆಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಡುವುದು ಈಗ ಎಲ್ಲ ಬೀದಿಯಲ್ಲೂ ಕಾಣುವ ದೃಶ್ಯ. ಆಯಾ ಮನೆಯ ಮೀಟರಿನಿಂದಲೇ ಪಾರ್ಕಿಂಗಿಗೆ ಒಂದೊಂದು ಸಾಕೆಟ್ ಕೊಡಿ, ಬಿಲ್ಲಿನ ತಕರಾರೂ ಇರುವುದಿಲ್ಲ.

ಸೋಲಾರಿಗೆ ಜಾಗ ಬಿಡಬೇಕಾ?

ಬಿಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಡಿ 3 ಕಿಲೋವ್ಯಾಟಿಗೆ 78,000 ರೂ.ವರೆಗೆ ಸಬ್ಸಿಡಿ ಇಟ್ಟಿದ್ದರಿಂದ ಹಾಕಿಸುವವರು ಜಾಸ್ತಿಯಾಗಿದ್ದಾರೆ. ಮೀಟರಿನ ಪಕ್ಕ ಇನ್ನೊಂದೆರಡು ಬಾಕ್ಸ್ ಬರುತ್ತವೆ. ಕಬೋರ್ಡ್ ಅಳತೆ ಕೊಡುವಾಗಲೇ ಒಂದೂವರೆ ಅಡಿ ಸೇರಿಸಿ.

ಟೈಲ್ಸ್ ಹಾಕಿಸುವಾಗ ಅರ್ಥಿಂಗ್ ಗುಂಡಿ ಮುಚ್ಚಬಹುದಾ?

ಮುಚ್ಚಬಾರದು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಬೇಕು, ಆಗಾಗ ಪರೀಕ್ಷೆಯನ್ನೂ ಮಾಡಿಸಬೇಕು. ಟೈಲ್ಸಿನದೇ ತುಂಡು ಕೂರಿಸಿದ, ಎತ್ತಲು ಬರುವ ಸ್ಟೀಲ್ ಮುಚ್ಚಳ ಸಿಗುತ್ತದೆ. ಮಟ್ಟವಾಗಿ ಕೂರುತ್ತದೆ, ಕಾಲಿಗೂ ತಾಗುವುದಿಲ್ಲ.

ವಾಸ್ತು ಪ್ರಕಾರ ಪ್ಯಾನೆಲ್ ಆಗ್ನೇಯದಲ್ಲೇ ಇರಬೇಕಂತೆ?

ಆಗ್ನೇಯದಲ್ಲಿ ಒಣಗಿದ ಗೋಡೆ ಇದ್ದರೆ ಇಟ್ಟುಕೊಳ್ಳಿ, ನಷ್ಟವಿಲ್ಲ. ಅಲ್ಲಿ ಸಂಪಿನ ಬಾಯಿಯೋ ಕಾರು ತೊಳೆಯುವ ನಲ್ಲಿಯೋ ಇದ್ದರೆ ಬೇರೆ ಗೋಡೆ ನೋಡಿ. ಆಯುಧ ಪೂಜೆಗೆ ಮೀಟರಿಗೆ ಕುಂಕುಮ ಇಡುವುದಾದರೆ ಕಬೋರ್ಡಿನ ಬಾಗಿಲಿಗೆ ಇಡಿ. ಡಿಬಿಯ ಸಂದಿಗೆ ಒದ್ದೆ ಹೂವು ಸಿಕ್ಕಿಸಬೇಡಿ.

ಎಲೆಕ್ಟ್ರಿಷಿಯನ್ ಹತ್ತಿರ ಹೇಗೆ ಮಾತಾಡಬೇಕು?

ಸಾಮಾನು ಬೇರೆ, ಕೂಲಿ ಬೇರೆ ಬರೆಸಿಕೊಳ್ಳಿ. ಗೋಡೆ ಕೊರೆದ ಮೇಲೆ ಪ್ಲಾಸ್ಟರ್ ಮತ್ತು ಬಣ್ಣ ಯಾರದ್ದು ಅಂತ ಮೊದಲೇ ತೀರ್ಮಾನವಾಗಲಿ, ಜಗಳ ಹುಟ್ಟುವುದೇ ಅಲ್ಲಿ. ಪ್ಲಾಸ್ಟರ್ ಮಾಡುವ ಮುಂಚೆ ಪ್ರತಿ ಗೋಡೆಯ ಪಕ್ಕ ಅಳತೆ ಟೇಪ್ ಹಿಡಿದು ಫೋಟೋ ತೆಗೆಯಿರಿ. ಮುಗಿದ ಮೇಲೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ಇನ್ಸುಲೇಷನ್ ಸರಿಯಿದೆ ಅಂತ ತೋರಿಸಲು ಹೇಳಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ನೀವೇ ಒತ್ತಿ ನೋಡಿ. ಯಾವ ಎಂಸಿಬಿ ಯಾವ ಕೋಣೆಗೆ ಅಂತ ಕನ್ನಡದಲ್ಲಿ ಬರೆದು ಬಾಗಿಲ ಒಳಮೈಗೆ ಅಂಟಿಸಿ. "ಡಿಬಿ 2, ವೇ 4" ಅಂದರೆ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. "ಅಡುಗೆಮನೆ ಮಿಕ್ಸಿ" ಅಂದರೆ ಅಜ್ಜಿಗೂ ತಿಳಿಯುತ್ತದೆ.

ನಾವು ಬಾಡಿಗೆಗಿದ್ದೇವೆ. ಏನಾದರೂ ಮಾಡಬಹುದಾ?

ನಿಮ್ಮ ಇಂಟರ್‌ನೆಟ್ ವೈರನ್ನು ಅಂಟಿಸುವ ಪಟ್ಟಿಯೊಳಗೆ ಹಾಕಿ, ನಿಮ್ಮ ಮೀಟರಿಗೆ ಮನೆ ನಂಬರ್ ಬರೆದಿಡಿ. ಉಳಿದದ್ದಕ್ಕೆ ಓನರ್ ಒಪ್ಪಿಗೆ ಬೇಕು. ಕರಗಿದ ವೈರಿನ ಒಂದು ಫೋಟೋ ವಾಟ್ಸ್ಯಾಪ್ ಮಾಡಿದರೆ ಒಪ್ಪಿಗೆ ಬೇಗ ಸಿಗುತ್ತದೆ.